ಮೀನಿನ ಕೂಳಿಯನ್ನು ಮೀನಿನ ಕೂಳಿಯೆಂದೇ ಕರೆಯುವ ಬಗ್ಗೆ

(ಇಲಾಖೆಯ ಹೆಸರು ಹೋದ ವರ್ಷ ಎರಡು ಸಲ ಬದಲಾಗಿ, ಮೂರನೆಯದು ಮಂಜೂರಾತಿಗೆ ಕಾದಿರುವುದರಿಂದ ಶಿರೋನಾಮೆಯ ಜಾಗವನ್ನು ಖಾಲಿ ಬಿಡಲಾಗಿದೆ)

ವಿಭಾಗೀಯ ಕಛೇರಿ, ಠಾಣೆ

ಸಂಖ್ಯೆ: ಗಿಕಮಾ/ಠಾಣೆ/ಬಿದಿರು/ಕೂಳಿ-೨/೧೯೮೩-೮೪
ದಿನಾಂಕ: ೬ ಸೆಪ್ಟೆಂಬರ್ ೧೯೮೩

ವಿಷಯ: ಗಿರಿಜನ ಕುಶಲಕರ್ಮಿಗಳ ಸಾಂಪ್ರದಾಯಿಕ ಕಸುಬನ್ನು ಆಧುನಿಕ ಮಾರುಕಟ್ಟೆಗೆ ಹೊಂದಿಸುವ ಯೋಜನೆಯಡಿ 'ಪುಷ್ಪಕೋಶ, ನಮೂನೆ ಏಳು' ಎಂದು ಕರೆಯಲ್ಪಟ್ಟ ವಸ್ತುವಿಗೆ ಅದರ ನಿಜವಾದ ಹೆಸರನ್ನು ವಾಪಸು ಕೊಡುವ, ಹಾಗೂ ತತ್ಸಂಬಂಧವಾಗಿ ಮನೆ ಬಿಟ್ಟು ಹೋದ ಗೃಹಿಣಿಯೊಬ್ಬರನ್ನು ಮನೆಗೆ ಬರಮಾಡಿಕೊಳ್ಳುವ ಬಗ್ಗೆ.

ಉಲ್ಲೇಖ:
(೧) ಈ ಕಛೇರಿಯ ಸುತ್ತೋಲೆ ಕೂಳಿ-೧, ಜೂನ್ ತಿಂಗಳದ್ದು (ಇನ್ನು ಮುಂದೆ 'ಹಳೆಯ ಸುತ್ತೋಲೆ').
(೨) ಶ್ರೀಮತಿ ರುದ್ರವ್ವನವರು ಅಂಬರನಾಥದ ಸಂತೆಯಲ್ಲಿ ಕಳೆದ ಭಾನುವಾರ ಬಾಯಿಮಾತಿನಲ್ಲಿ ನೀಡಿದ ಆದೇಶ.

ಪ್ರಸ್ತಾವನೆ:

ಈ ಸುತ್ತೋಲೆಯ ಮರಾಠಿ ಮೂಲವನ್ನು ನಿನ್ನೆಯೇ ಗೋಡೆಗೆ ಅಂಟಿಸಲಾಗಿದೆ. ಆದರೆ ಈ ಕಛೇರಿಯ ಸಿಬ್ಬಂದಿಯಲ್ಲಿ ಹೆಚ್ಚಿನವರು ಕನ್ನಡಿಗರಾಗಿದ್ದು, ತಮಗೆ ಒಗ್ಗದ ಆದೇಶ ಬಂದಾಗಲೆಲ್ಲ ಮರಾಠಿ ಅರ್ಥವಾಗುವುದಿಲ್ಲವೆಂದು ಹೇಳುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಸಂಬಳದ ದಿನ ಇದೇ ಜನ ಇದೇ ಮರಾಠಿಯಲ್ಲಿ ಕ್ಯಾಷಿಯರನೊಡನೆ ಜಗಳವಾಡುವುದನ್ನು ಇಡೀ ಕಟ್ಟಡ ಕೇಳಿದೆ. ಅದಿರಲಿ. ಯಾರಿಗೂ ನೆಪ ಸಿಗಬಾರದೆಂದು ಈ ಕನ್ನಡ ಪ್ರತಿಯನ್ನು ಹೊರಡಿಸಲಾಗಿದೆ. ಉಲ್ಲೇಖ (೨)ರಲ್ಲಿ ಹೇಳಿದವರೂ ಕನ್ನಡದಲ್ಲೇ ಬೇಕೆಂದಿದ್ದಾರೆ.

೧. ವಸ್ತುವಿನ ಪ್ರವೇಶ:

ಈ ಕಛೇರಿಯ ವಿಭಾಗೀಯ ಅಧಿಕಾರಿಗಳಾದ ಶ್ರೀ ವಿರೂಪಾಕ್ಷಪ್ಪನವರು (ಇನ್ನು ಮುಂದೆ 'ಸಾಹೇಬರು') ಇಳಕಲ್ಲಿನ ಕಡೆಯವರು, ಡೊಂಬಿವಲಿ ಪೂರ್ವದಲ್ಲಿ ವಾಸ. ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟದವರು. ಅವರ ಊರಿನ ಹಳ್ಳದಲ್ಲಿ ನೀರು ಕಾಣುವುದೇ ಅಪರೂಪ, ಇನ್ನು ಮೀನು ಹಿಡಿಯುವ ಸಾಧನವನ್ನು ಅವರು ಎಲ್ಲಿಂದ ನೋಡಬೇಕು? ಹೀಗಿರುತ್ತಾ, ಕಳೆದ ಏಪ್ರಿಲ್‌ನಲ್ಲಿ ಅವರು ಅಂಬರನಾಥದ ಆಚೆ ಗುಡ್ಡದ ಬುಡದಲ್ಲಿರುವ ಕಾತ್ಕರಿ ಗಿರಿಜನರ ವಾಡಿಗೆ ಸಮೀಕ್ಷೆಗೆ ಹೋದಾಗ, ಚಂದ್ರಬಾಯಿ ಎಂಬ ಕುಶಲಕರ್ಮಿಯ ಗುಡಿಸಲ ಬಾಗಿಲಲ್ಲಿ ಬಿದಿರಿನ ಒಂದು ವಸ್ತು ತೂಗುತ್ತಿರುವುದು ಗಮನಕ್ಕೆ ಬಂದಿತು. ಬಾಯಿ ಅಗಲ, ಸೊಂಟ ಸಣ್ಣ, ಬಾಲ ಚೂಪು. ಒಳಬಾಯಿಗೆ ಬಿದಿರಿನ ಎಳೆ ಕಡ್ಡಿಗಳ ಒಂದು ಕೊರಳು. ಅದು ಏನೆಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಇಂಥ ಚಂದದ್ದು ಹೂವಿನದ್ದಲ್ಲದೆ ಮತ್ತೇನು ಎಂದು ಅವರೇ ತೀರ್ಮಾನಿಸಿ, ಅರವತ್ತು ನಗಕ್ಕೆ ಬೇಡಿಕೆ ಸಲ್ಲಿಸಿ, ಒಂದನ್ನು ಗೃಹಬಳಕೆಯ ಪರೀಕ್ಷೆಗೆಂದು ಡೊಂಬಿವಲಿಗೆ ಒಯ್ದರು.

ಅವರ ಪತ್ನಿ ರುದ್ರವ್ವನವರಿಗೆ ಬಹಳ ಸಂತೋಷವಾಯಿತು. ಮದುವೆಯಾದಂದಿನಿಂದ ಸಾಹೇಬರು ಮನೆಗೆ ತಂದದ್ದೆಂದರೆ ಕಾಯಿಪಲ್ಲೆ ಮತ್ತು ಫೈಲು. ಬಾಯಿ ಬಿಟ್ಟು ಕೇಳದೆ ತಂದ ಮೊದಲ ವಸ್ತು ಇದು. ಆಕೆ ಅದನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕಿ, ದಿನವೂ ಬಿಲ್ವಪತ್ರೆ ಮತ್ತು ಕಣಗಿಲೆ ಹೂವನ್ನು ಅದರಲ್ಲಿ ಇಡತೊಡಗಿದರು. ನೆರೆಹೊರೆಯವರಿಗೆಲ್ಲ ನಮ್ಮ ಮನೆಯವರು ತಂದದ್ದು ಎಂದು ತೋರಿಸಿದರು.

೨. ಸತ್ಯದ ಪ್ರವೇಶ:

ಜೂನ್‌ನಲ್ಲಿ ಉಳಿದ ನಗಗಳು ಕಛೇರಿಗೆ ಬಂದವು. ಉಡುಪಿಯ ಕಡೆ ಹೊಳೆಬದಿಯಲ್ಲಿ ಹುಟ್ಟಿ ಬೆಳೆದ ಪ್ರಧಾನ ಗುಮಾಸ್ತ ಶ್ರೀ ಭುಜಂಗ ಇವರು ಮೊದಲ ಗಂಟು ಬಿಚ್ಚಿದ ಕೂಡಲೇ, ಇದು ಮೀನು ಹಿಡಿಯುವ ಕೂಳಿ ಮಾರಾಯರೇ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂದು ಮೌಖಿಕವಾಗಿ ವರದಿ ಮಾಡಿದರು. ಸಾಹೇಬರು ಕುರ್ಚಿಯಲ್ಲಿ ಕುಳಿತರು. ಮುಂದಿದ್ದ ಚಹಾ ಆರಿ ಕೆನೆ ಕಟ್ಟಿತು.

ಆಗಲೇ ಮನೆಗೆ ಹೋಗಿ ಹೇಳಿಬಿಟ್ಟಿದ್ದರೆ ಈ ಸುತ್ತೋಲೆಯ ಕಾಗದ ಉಳಿಯುತ್ತಿತ್ತು. ಆದರೆ ಆರ್ಡರು ಹೋಗಿಯಾಗಿತ್ತು. ಗಣೇಶ ಚತುರ್ಥಿಯ ಮಳಿಗೆ ಗೊತ್ತಾಗಿತ್ತು, ಅಲ್ಲಿಗೆ ಬರುವವರು ನೌಪಾಡಾ ಮತ್ತು ಮುಲುಂಡಿನ ಕಡೆಯ, ಈರುಳ್ಳಿಯನ್ನೂ ಮುಟ್ಟದ ಜನ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಅದೇ ಕೂಳಿಯೊಳಗೆ ಶಿವನ ಬಿಲ್ವಪತ್ರೆ ಇತ್ತು. ಸಾಹೇಬರಿಗೆ ಹೆಂಡತಿಯ ಮುಖ ನೆನಪಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗ ಬೇರೆಯವರು ದೇವರಿಗೆ ಹರಕೆ ಹೇಳಿಕೊಳ್ಳುತ್ತಾರೆ. ನಮ್ಮ ಸಾಹೇಬರು ಸುತ್ತೋಲೆ ಹೊರಡಿಸುತ್ತಾರೆ.

೩. ಹಳೆಯ ಸುತ್ತೋಲೆಯಲ್ಲಿದ್ದು, ಈ ಮೂಲಕ ರದ್ದುಪಡಿಸಲಾದ ನಿಯಮಗಳು:

(ಅ) ಸದರಿ ವಸ್ತುವಿನ ಹತ್ತು ಅಡಿ ಆಸುಪಾಸಿನಲ್ಲಿ 'ಮೀನು' ಎಂಬ ಪದವನ್ನು ಯಾವ ಭಾಷೆಯಲ್ಲಿಯೂ ಉಚ್ಚರಿಸತಕ್ಕದ್ದಲ್ಲ. ಅನಿವಾರ್ಯವಾದಲ್ಲಿ 'ಜಲವಾಸಿ ಅತಿಥಿ' ಎನ್ನತಕ್ಕದ್ದು.

(ಆ) ಮಧ್ಯಾಹ್ನದ ಡಬ್ಬಿಯಲ್ಲಿ ಬಂಗಡೆ ತಂದ ಸಿಬ್ಬಂದಿಯು ಸಂಜೆಯ ಚಹಾ ಆಗುವವರೆಗೆ ಸದರಿ ವಸ್ತುವನ್ನು ಮುಟ್ಟತಕ್ಕದ್ದಲ್ಲ, ಅದರ ಕಡೆಗೆ ತೇಗತಕ್ಕದ್ದೂ ಅಲ್ಲ.

(ಇ) ಜಾಹೀರಾತು ಚಿತ್ರದಲ್ಲಿ ಚಂದ್ರಬಾಯಿಯ ಹಿಂದೆ ಕಾಣುವ ನದಿಯನ್ನು ಅಳಿಸಿ ಬೆಟ್ಟವನ್ನು ಬರೆಯತಕ್ಕದ್ದು. ಆಕೆಯ ಕಾಲು ನೀರಿನಲ್ಲಿರುವುದರಿಂದ ಕಾಲನ್ನೂ ಅಳಿಸತಕ್ಕದ್ದು.

(ಈ) ನೇಯ್ಗೆ ಮಾಡುವ ಕುಶಲಕರ್ಮಿಗಳೂ ವಸ್ತುವಿನ ಹಳೆಯ ಹೆಸರನ್ನು ಹೇಳತಕ್ಕದ್ದಲ್ಲ. ಯಾರಾದರೂ ಕೇಳಿದಲ್ಲಿ 'ಹೂವಿನದ್ದು' ಎನ್ನತಕ್ಕದ್ದು.

(ಉ) ಕಛೇರಿಯ ಬೆಕ್ಕು ನಮೂನೆಯ ಎದುರು ಕುಳಿತು ಅದನ್ನೇ ದಿಟ್ಟಿಸುತ್ತಿರುವುದರಿಂದ ಗ್ರಾಹಕರಲ್ಲಿ ಸಂಶಯ ಹುಟ್ಟುವ ಸಂಭವವಿದ್ದು, ಸದರಿ ಬೆಕ್ಕನ್ನು ಮುಂದಿನ ಆದೇಶದವರೆಗೆ ಅಮಾನತ್ತಿನಲ್ಲಿಡಲಾಗಿದೆ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಬೆಕ್ಕಿನದ್ದು ತಪ್ಪಲ್ಲ. ಶ್ರೀ ಭುಜಂಗ ಇವರು ಒಂದು ನಗವನ್ನು ಜಲಪರೀಕ್ಷೆಗಾಗಿ ಐರೋಲಿಯಲ್ಲಿ ಸಮುದ್ರದ ಹಿನ್ನೀರಿನ ಖಾಡಿಗೆ ಒಯ್ದು, ರಾತ್ರಿಯಿಡೀ ನೀರಿನಲ್ಲಿಟ್ಟು, ವಸ್ತುವು ಅತ್ಯಂತ ಕಾರ್ಯಕ್ಷಮವಾಗಿರುವುದನ್ನು ದೃಢಪಡಿಸಿಕೊಂಡಿದ್ದರು. ಪರೀಕ್ಷೆಯ ಫಲಿತಾಂಶವನ್ನು ಅವರು ಮನೆಯಲ್ಲೇ ಹುರಿದುಕೊಂಡಿದ್ದು, ಕಛೇರಿಗೆ ಬಂದದ್ದು ವಾಸನೆ ಮಾತ್ರ.

೪. ಬಹಿರಂಗ:

ಶ್ರಾವಣದ ಎರಡನೆಯ ಸೋಮವಾರ ಸಾಹೇಬರ ಮನೆಯಲ್ಲಿ ಪೂಜೆಯಿತ್ತು. ಬಿಲ್ಡಿಂಗಿನ ಹೆಂಗಸರೆಲ್ಲ ಬಂದಿದ್ದರು. ಕೆಳಗಿನ ಮಹಡಿಯ ಶ್ರೀಮತಿ ರತ್ನಾವತಿ, ಮಲ್ಪೆಯ ಕಡೆಯವರು, ಆ ಬಿಲ್ಡಿಂಗಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವರು ದೇವರ ಕೋಣೆಗೆ ಕೈ ಮುಗಿಯಲು ಹೋದವರು ಮೊಳೆಯ ಮೇಲಿದ್ದದ್ದನ್ನು ನೋಡಿ ಮುಖ ಅರಳಿಸಿದರು. ತಮ್ಮ ಅಜ್ಜನ ಮನೆಯಲ್ಲೂ ಇಂಥದ್ದೇ ಇತ್ತೆಂದೂ, ಮಳೆಗಾಲದಲ್ಲಿ ಗದ್ದೆಯ ತೂಬಿಗೆ ಹಾಕಿದರೆ ಬೆಳಗಾಗುವಾಗ ಸಾರಿಗೆ ಬೇಕಾದಷ್ಟು ಮುಗುಡು ಮೀನು ಬಿದ್ದಿರುತ್ತಿತ್ತೆಂದೂ, ಆ ರುಚಿ ಮುಂಬಯಿಯಲ್ಲಿ ಎಲ್ಲಿದೆ ಎಂದೂ ಅಕ್ಕರೆಯಿಂದ ವಿವರಿಸಿದರು. ಪಾಪ, ಅವರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಆದರೆ ಆ ಮಾತು ಮುಗಿಯುವಷ್ಟರಲ್ಲಿ ಪೂಜೆಯ ಮನೆಯಲ್ಲಿ ಗಂಟೆಯ ಸದ್ದೂ ನಿಂತಿತ್ತು.

ರುದ್ರವ್ವನವರು ಕೂಗಾಡಲಿಲ್ಲ. ಹೊರಗಿನ ಕೋಣೆಯಲ್ಲಿ ಕುಳಿತಿದ್ದ ಗಂಡನ ಎದುರು ಬಂದು ನಿಂತು ಒಂದೇ ಪ್ರಶ್ನೆ ಕೇಳಿದರು: "ನಿಮಗ ಮೊದ್ಲ ಗೊತ್ತಿತ್ತೇನ್ರಿ?"

ಇಲ್ಲ ಎಂದು ಸುಳ್ಳಾಡಬಹುದಿತ್ತು, ಹೌದು ಎಂದು ಕಾಲು ಹಿಡಿಯಬಹುದಿತ್ತು. ಸಾಹೇಬರಿಗೆ ಬಾಯಿಗೆ ಬಂದದ್ದು ಹಳೆಯ ಸುತ್ತೋಲೆ. "ಸದರಿ ವಸ್ತುವು ಬಹೂಪಯೋಗಿ ಪಾತ್ರೆಯಾಗಿರುತ್ತದೆ" ಎಂದುಬಿಟ್ಟರು.

ರುದ್ರವ್ವನವರು ಬಂದವರಿಗೆಲ್ಲ ಪ್ರಸಾದ ಹಂಚಿ, ಪಾತ್ರೆ ತೊಳೆದಿಟ್ಟು, ಸಂಜೆಯ ಗಾಡಿಗೆ ಅಂಬರನಾಥದಲ್ಲಿರುವ ತಂಗಿ ಕಾಶವ್ವನ ಮನೆಗೆ ಹೋದರು. ಮತ್ತೆ ಬರಲಿಲ್ಲ.

೫. ಕಛೇರಿಯ ಕಾರ್ಯಕಲಾಪದ ಮೇಲಾದ ಪರಿಣಾಮ:

ಅಂದಿನಿಂದ ಸಾಹೇಬರು ಡೊಂಬಿವಲಿ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಊಟ ಮಾಡುತ್ತಿದ್ದರು. ರೊಟ್ಟಿ ತಿಂದು ಬೆಳೆದ ಜೀವ ಇಡ್ಲಿಯಲ್ಲಿ ಎಷ್ಟು ದಿನ ತಾಳೀತು? ಅಂಗಿಯ ಕಾಲರು ಸಡಿಲವಾಯಿತು. ಫೈಲಿಗೆ ಸಹಿ ಹಾಕುವಲ್ಲಿ ಹೆಂಡತಿಯ ಹೆಸರು ಬರೆದದ್ದು ಎರಡು ಸಲ ಕಂಡುಬಂದಿದ್ದು, ಟೈಪಿಸ್ಟ್ ಕುಮಾರಿ ನಳಿನಾಕ್ಷಿಯವರು ಬಿಳಿ ಬಣ್ಣ ಹಚ್ಚಿ ಅದನ್ನು ಸರಿಪಡಿಸಿರುತ್ತಾರೆ. ಕಾಶವ್ವನ ಮನೆಗೆ ಸಾಹೇಬರು ಮೂರು ಜ್ಞಾಪನಪತ್ರಗಳನ್ನು ಕಳಿಸಿದರು. ಮೊದಲನೆಯದರಲ್ಲಿ 'ಕೋರಲಾಗಿದೆ' ಎಂದಿತ್ತು, ಎರಡನೆಯದರಲ್ಲಿ 'ಒತ್ತಾಯಪೂರ್ವಕವಾಗಿ ಕೋರಲಾಗಿದೆ' ಎಂದಿತ್ತು, ಮೂರನೆಯದರಲ್ಲಿ ಏನಿತ್ತೋ, ಅದನ್ನು ಟೈಪು ಮಾಡಲು ಕೊಡದೆ ಕೈಯಲ್ಲೇ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ.

ಕೂಳಿಯನ್ನಾದರೂ ಮನೆಯಿಂದ ತೆಗೆಯಬಾರದೇ ಎಂದು ಶ್ರೀ ಭುಜಂಗ ಸೂಚಿಸಿದರು. ಗೃಹಬಳಕೆಯ ಪರೀಕ್ಷೆಗೆ ಆರು ತಿಂಗಳ ಅವಧಿ ನಿಗದಿಯಾಗಿದ್ದು, ಅದಕ್ಕೆ ಮುಂಚೆ ನಮೂನೆಯನ್ನು ಕದಲಿಸುವಂತಿಲ್ಲವೆಂದು ಸಾಹೇಬರು ನಿಯಮ ತೋರಿಸಿದರು. ಆ ನಿಯಮ ಮಾಡಿದವರು ಯಾರೆಂದು ಭುಜಂಗ ಕೇಳಿದರು. ಸಾಹೇಬರು ಕಿಟಕಿಯ ಕಡೆ ನೋಡಿದರು.

೬. ಸ್ಥಳ ಪರಿಶೀಲನೆ:

ಕಳೆದ ಭಾನುವಾರ ಸಾಹೇಬರು ನಿಯಮವನ್ನು ಮುರಿದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಇದೇ ಮೊದಲು. ಕೂಳಿಯನ್ನು ಮೊಳೆಯಿಂದಿಳಿಸಿ, ಶ್ರೀ ಭುಜಂಗ ಇವರನ್ನು ಪಂಚರನ್ನಾಗಿ ಕರೆದುಕೊಂಡು ಅಂಬರನಾಥಕ್ಕೆ ಹೊರಟರು. ಕೂಳಿ ದೊಡ್ಡದಾದ ಕಾರಣ ಲೋಕಲ್ ಗಾಡಿಯ ಲಗೇಜ್ ಡಬ್ಬಿಗೇ ಹತ್ತಬೇಕಾಯಿತು. ಒಳಗೆ ನೋಡಿದರೆ ತುಂಬ ಮೀನು ಮಾರುವ ಹೆಂಗಸರು, ಬುಟ್ಟಿಗಳ ಸಮೇತ.

ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮೀನಿನ ಕೂಳಿ. ಇಂಥ ಜೋಡಿಯನ್ನು ಆ ಡಬ್ಬಿ ಹಿಂದೆ ಕಂಡಿರಲಿಲ್ಲ. ಉಲ್ಹಾಸ ನದಿಗೆ ಹೋಗುವುದೋ ಎಂದು ಒಬ್ಬಾಕೆ ಕೇಳಿದಳು. ತಲೆಕೆಳಗಾಗಿ ಹಿಡಿದಿದ್ದೀರಿ ಎಂದು ಇನ್ನೊಬ್ಬಳು ಅವರ ಕೈಯಿಂದಲೇ ತೆಗೆದುಕೊಂಡು ತಿರುಗಿಸಿ ಕೊಟ್ಟಳು. ಮೂರನೆಯವಳು ಬೆರಳು ಹಾಕಿ ಒಳಗಿನ ಕೊರಳನ್ನು ಮುಟ್ಟಿ ನೋಡಿ, ಒಳ್ಳೆಯ ಕೈಯ ಕೆಲಸ, ಯಾರು ಮಾಡಿದ್ದು ಎಂದು ಕೇಳಿದಳು. ಕಲ್ಯಾಣ ದಾಟುವಷ್ಟರಲ್ಲಿ ಡಬ್ಬಿಗೆ ಡಬ್ಬಿಯೇ ಅದರ ಗುಣಗಾನ ಮಾಡುತ್ತಿತ್ತು. ಯಾವ ಹೆಸರನ್ನು ಮುಚ್ಚಿಡಲು ಸಾಹೇಬರು ಜೂನ್‌ನಿಂದ ನಿದ್ದೆಗೆಟ್ಟಿದ್ದರೋ, ಆ ಹೆಸರು ಊರಿಗೆಲ್ಲ ಗೊತ್ತಿತ್ತು.

ಕಾಶವ್ವನ ಮನೆಯಲ್ಲಿ ರುದ್ರವ್ವನವರಿರಲಿಲ್ಲ. ಸಂತೆಗೆ ಹೋಗಿದ್ದಾರೆಂದು ತಿಳಿದುಬಂದಿತು.

೭. ಸಂತೆಯಲ್ಲಿ ಕಂಡುಬಂದ ಅಂಶಗಳು:

ಸಂತೆಯ ತುದಿಯಲ್ಲಿ, ಬಿದಿರಿನ ಬುಟ್ಟಿ ಮೊರಗಳ ನಡುವೆ, ಗೋಣಿಚೀಲದ ಮೇಲೆ ಚಂದ್ರಬಾಯಿ ಕುಳಿತಿದ್ದಳು. ಅವಳ ಪಕ್ಕದಲ್ಲಿ, ಅದೇ ಚೀಲದ ಇನ್ನರ್ಧದ ಮೇಲೆ, ಇಳಕಲ್ ಸೀರೆಯ ರುದ್ರವ್ವನವರು ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ, ಕೂಳಿಗೆ ಕಟ್ಟಿದ ಚೀಟಿಯಲ್ಲಿ ತಯಾರಿಸಿದವಳ ಹೆಸರು ಮತ್ತು ವಾಡಿಯ ಹೆಸರಿತ್ತು. ಆ ವಾಡಿಯ ಹೆಂಗಸರು ಭಾನುವಾರದ ಸಂತೆಗೆ ಬರುತ್ತಾರೆಂದು ಕಾಶವ್ವ ಹೇಳಿದ್ದರಿಂದ, ದೇವರ ಕೋಣೆ ಕೆಡಿಸಿದವಳಿಗೆ ನಾಲ್ಕು ಮಾತು ಬೈಯಲೆಂದೇ ರುದ್ರವ್ವನವರು ಅದರ ಹಿಂದಿನ ಭಾನುವಾರವೇ ಬಂದಿದ್ದರು. ತಮಗೆ ಬರುವಷ್ಟು ಮರಾಠಿಯಲ್ಲಿ ಬೈದೂ ಬೈದರು. ಚಂದ್ರಬಾಯಿ ಎಲ್ಲವನ್ನೂ ಕೇಳಿಸಿಕೊಂಡು, ತನಗೂ ಆ ಹೆಸರು ಹೇಳಬಾರದೆಂದು ಸಾಹೇಬರ ಹುಕುಂ ಬಂದಿದೆ ಎಂದಳು. ತನ್ನ ತಾಯಿ ಇದನ್ನು ಅಂಗಳದಲ್ಲಿ ಕುಳಿತು ನೇಯುತ್ತಿದ್ದಳು. ತಾನು ಈಗ ಬಾಗಿಲು ಹಾಕಿಕೊಂಡು ನೇಯುವಂತಾಗಿದೆ. ದಾರಿಹೋಕರು ಏನು ಮಾಡುತ್ತಿದ್ದೀ ಎಂದರೆ ಕದ್ದ ಮಾಲಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ ಎಂದಳು. ಮೀನು ಹಿಡಿದು ಮಕ್ಕಳ ಹೊಟ್ಟೆ ತುಂಬಿಸಿದ ವಸ್ತುವಿಗೆ ಇಷ್ಟು ನಾಚಿಕೆ ಯಾಕೆಂದು ಅವಳೇ ರುದ್ರವ್ವನವರನ್ನು ಕೇಳಿದಳಂತೆ. ರುದ್ರವ್ವನವರು ಗೋಣಿಚೀಲದ ಮೇಲೆ ಅವಳ ಪಕ್ಕದಲ್ಲಿ ಕುಳಿತುಬಿಟ್ಟರು. ಅಂದಿನಿಂದ ಇಬ್ಬರಿಗೂ ಸ್ನೇಹ.

ಸಾಹೇಬರು ಕೂಳಿಯನ್ನು ಹೆಂಡತಿಯ ಮುಂದಿಟ್ಟು, ಸದರಿ ವಸ್ತುವನ್ನು ಮನೆಯಿಂದ ತೆಗೆದಿರುವುದಾಗಿಯೂ, ದೇವರ ಕೋಣೆಯನ್ನು ಶುದ್ಧಿ ಮಾಡಿಸುವುದಾಗಿಯೂ, ಇನ್ನು ಇಂಥದ್ದನ್ನು ಮನೆಗೆ ತರುವುದಿಲ್ಲವೆಂದೂ ನಿವೇದಿಸಿಕೊಂಡರು. ಬಹಳ ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ತಪ್ಪು ಎಲ್ಲಿದೆಯೆಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ರುದ್ರವ್ವನವರು ಬಾಯಲ್ಲಿದ್ದದ್ದನ್ನು ಉಗುಳಿ ಬಂದು ಹೇಳಿದ್ದನ್ನು ಪಂಚರ ಸಮಕ್ಷಮ ಯಥಾವತ್ತಾಗಿ ದಾಖಲಿಸಲಾಗಿದೆ:

"ಇದರಾಗ ಮೀನಿಂದೇನು ತಪ್ಪೈತಿ? ಆಕಿ ಕೈಲೆ ಸುಳ್ಳು ಹೇಳಿಸಿದ್ರಿ, ನನಗ ಸುಳ್ಳು ಹೇಳಿದ್ರಿ. ಸುಳ್ಳಿಗೆ ನಂಬರ್ ಹಾಕಿ ಶಿಕ್ಕಾ ಹೊಡದ್ರಿ. ಖರೇ ಮಾತಿಗೂ ನಂಬರ್ ಹಾಕ್ರಿ, ಶಿಕ್ಕಾ ಹೊಡೀರಿ, ಆಕಿಗೊಂದು ನನಗೊಂದು ಕಳಸ್ರಿ. ಬರೂದು ಆಮ್ಯಾಲಿನ ಮಾತು."

ನಂತರ ಅವರು ಆ ವಸ್ತುವಿನ ಹೆಸರನ್ನು ಅಲ್ಲೇ, ಚಂದ್ರಬಾಯಿಯ ಎದುರು ಹೇಳಲು ಸಾಹೇಬರಿಗೆ ಆಜ್ಞಾಪಿಸಿದರು. ಮೊದಲ ಸಲ ತುಟಿ ಮಾತ್ರ ಅಲ್ಲಾಡಿತು. ಎರಡನೆಯ ಸಲ ಭುಜಂಗರಿಗಷ್ಟೇ ಕೇಳಿಸಿತು. ಮೂರನೆಯ ಸಲ ಅವರು ಕಣ್ಣು ಮುಚ್ಚಿಕೊಂಡು "ಮೀನಿನ ಕೂಳಿ" ಎಂದು ಎಷ್ಟು ಗಟ್ಟಿಯಾಗಿ ಕೂಗಿದರೆಂದರೆ ಬದಿಯ ಬಟಾಟೆಯವನು ತಕ್ಕಡಿ ಕೆಳಗಿಟ್ಟ. ಚಂದ್ರಬಾಯಿಗೆ ಕನ್ನಡ ತಿಳಿಯದು. ಆದರೂ ಅವಳಿಗೆ ತಿಳಿಯಿತು. ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು.

ಸಾಹೇಬರು ಅಂದು ಒಬ್ಬರೇ ಮನೆಗೆ ಮರಳಿದರು.

೮. ಆದೇಶ:

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

(ಕ) 'ಪುಷ್ಪಕೋಶ, ನಮೂನೆ ಏಳು' ಎಂಬುದು ಮೀನಿನ ಕೂಳಿ. ಅದು ಹಿಂದೆಯೂ ಮೀನಿನ ಕೂಳಿಯಾಗಿತ್ತು, ಹಳೆಯ ಸುತ್ತೋಲೆ ಜಾರಿಯಲ್ಲಿದ್ದಾಗಲೂ ಮೀನಿನ ಕೂಳಿಯೇ ಆಗಿತ್ತು.

(ಖ) ಪ್ರತಿ ನಗಕ್ಕೂ ಅದು ಏನು, ಮಾಡಿದವರು ಯಾರು ಎಂದು ದೊಡ್ಡ ಅಕ್ಷರದ ಚೀಟಿ ಕಟ್ಟತಕ್ಕದ್ದು. ಕೊಂಡವರು ಅದರಲ್ಲಿ ದೀಪ ತೂಗಲಿ, ಹೂವಿಡಲಿ, ಮೀನನ್ನೇ ಹಿಡಿಯಲಿ, ಇಲಾಖೆಯು ವಿಚಾರಿಸತಕ್ಕದ್ದಲ್ಲ.

(ಗ) ಚತುರ್ಥಿಯ ಮಳಿಗೆಯಲ್ಲಿ ಇದನ್ನು ಹೂಬುಟ್ಟಿಗಳ ಸಾಲಿನಿಂದ ತೆಗೆದು ದೀಪದ ಬುಟ್ಟಿಗಳ ಸಾಲಿನಲ್ಲಿಡತಕ್ಕದ್ದು. ಕೇಳಿದವರಿಗೆಲ್ಲ ಹೆಸರು ಹೇಳತಕ್ಕದ್ದು; ಕೇಳದವರಿಗೆ ಎರಡು ಸಲ ಹೇಳತಕ್ಕದ್ದು.

(ಘ) ಸಿಬ್ಬಂದಿಯು ಪ್ರತಿದಿನ ಹಾಜರಿ ಹಾಕಿದ ನಂತರ ಸದರಿ ಹೆಸರನ್ನು ಕನ್ನಡ, ಮರಾಠಿ, ತುಳು ಭಾಷೆಗಳಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡತಕ್ಕದ್ದು. ಸಸ್ಯಾಹಾರಿಗಳು ಆ ವೇಳೆ ಕಣ್ಣು ಮುಚ್ಚಬಹುದು, ಬಾಯಿ ಮುಚ್ಚುವಂತಿಲ್ಲ.

(ಙ) ಒಳಗೆ ದೀಪ ತೂಗಿದರೆ ಬಲ್ಬಿನ ತಂತಿಗೆ ತಾಗುತ್ತದೆಂಬ ಕಾರಣಕ್ಕೆ ಒಳಗಿನ ಕಡ್ಡಿಯ ಕೊರಳನ್ನು ಕೈಬಿಡಬೇಕೆಂದು ಇಲಾಖೆಯ ತರಬೇತಿದಾರರು ಹೇಳಿದ್ದನ್ನು ಹಿಂಪಡೆಯಲಾಗಿದೆ. ಚಂದ್ರಬಾಯಿ ಹೇಗೂ ಅದನ್ನು ಕೇಳಿರಲಿಲ್ಲ.

(ಚ) ಜಾಹೀರಾತು ಚಿತ್ರಕ್ಕೆ ನದಿಯನ್ನೂ ಚಂದ್ರಬಾಯಿಗೆ ಕಾಲುಗಳನ್ನೂ ವಾಪಸು ಕೊಡತಕ್ಕದ್ದು.

(ಛ) ಬೆಕ್ಕನ್ನು ಅಮಾನತ್ತಾದ ದಿನಾಂಕದಿಂದಲೇ ಪೂರ್ವಾನ್ವಯವಾಗಿ ಸೇವೆಗೆ ತೆಗೆದುಕೊಳ್ಳಲಾಗಿದೆ. ಹಾಲಿನ ಬಾಕಿಯನ್ನು ಶ್ರೀ ಭುಜಂಗ ಇವರು ಭರಿಸತಕ್ಕದ್ದು.

(ಜ) ಇನ್ನುಳಿದ ನಮೂನೆಗಳ ಹೆಸರುಗಳನ್ನೂ ಪರಿಶೀಲಿಸಲಾಯಿತು. ನಮೂನೆ ಏಳರ ಬೆನ್ನಿಗೇ ಸಾಹೇಬರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಈರುಳ್ಳಿ ಇಡಲು ಬಳಸುತ್ತಿರುವ 'ಗ್ರಾಮೀಣ ಗುಮ್ಮಟ, ನಮೂನೆ ಮೂರು' ಎಂಬುದು ಕೋಳಿ ಮುಚ್ಚುವ ಬುಟ್ಟಿಯೆಂದು ಈ ಮೂಲಕ, ಯಾರೂ ಕೇಳುವುದಕ್ಕೆ ಮೊದಲೇ, ತಿಳಿಸಲಾಗಿದೆ. ಕೆಲಸ ಕೆಡುತ್ತದೆ, ಈ ಒಂದನ್ನು ಬಿಡಿ ಎಂದು ಪ್ರಧಾನ ಗುಮಾಸ್ತರು ಕೈ ಮುಗಿದು ಕೇಳಿಕೊಂಡರೂ, ಇದನ್ನು ಸೇರಿಸಲೇಬೇಕೆಂದು ಸಾಹೇಬರು ಹಠ ಹಿಡಿದರು. ಟೈಪಾಗುವವರೆಗೆ ನಳಿನಾಕ್ಷಿಯವರ ಮೇಜಿನ ಬಳಿ ನಿಂತೇ ಇದ್ದರು.

ಇದಕ್ಕೆ ವಿರುದ್ಧವಾಗಿ ಯಾರಾದರೂ ಮೀನನ್ನು ಹೂವೆಂದಲ್ಲಿ, ಅವರ ಮನೆಯ ಅಡುಗೆ ನಿಂತರೆ ಇಲಾಖೆಯು ಹೊಣೆಯಲ್ಲ.

(ಸಹಿ)
ಭುಜಂಗ
ಪ್ರಧಾನ ಗುಮಾಸ್ತ
ವಿಭಾಗೀಯ ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಶಿಕ್ಕಾ ಒತ್ತಿದ್ದಾರೆ. ಸಮಾಧಾನವಾಗದೆ ಇನ್ನೊಮ್ಮೆ ಒತ್ತಿದ್ದರಿಂದ ಶಿಕ್ಕಾ ಎರಡಾಗಿ ಮೂಡಿದೆ; ಒಂದೆಂದೇ ಓದಿಕೊಳ್ಳತಕ್ಕದ್ದು.)

ಪ್ರತಿಗಳು:

೧. ಸಮಸ್ತ ಸಿಬ್ಬಂದಿಗೆ, ಮರಾಠಿ ಬರುವವರಿಗೂ ಬರುವುದಿಲ್ಲವೆನ್ನುವವರಿಗೂ.

೨. ಶ್ರೀಮತಿ ರತ್ನಾವತಿ, ಕೆಳಗಿನ ಮಹಡಿ, ಡೊಂಬಿವಲಿ ಪೂರ್ವ. ಅವರು ಅಂದಿನಿಂದ ಮೇಲಿನ ಮಹಡಿಯ ಮೆಟ್ಟಿಲು ಹತ್ತದಿರುವುದು ಗಮನಕ್ಕೆ ಬಂದಿದ್ದು, ಎಂದಿನಂತೆ ಬಂದು ಹೋಗಲು ಕೋರಿದೆ.

೩. ಚಂದ್ರಬಾಯಿ, ಅಂಬರನಾಥದ ಆಚೆಯ ವಾಡಿ. ಮರಾಠಿ ಮೂಲದೊಂದಿಗೆ. ಆಕೆಗೆ ಓದು ಬಾರದಿರುವುದರಿಂದ ಅಂಗಳದಲ್ಲಿ ನಿಂತು ನಾಲ್ಕು ಜನರ ಎದುರು ಓದಿ ಹೇಳತಕ್ಕದ್ದು.

೪. ಶ್ರೀಮತಿ ರುದ್ರವ್ವ, ಕಾಶವ್ವನವರ ಮನೆ, ಅಂಬರನಾಥ. ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ. ವಿಭಾಗೀಯ ಅಧಿಕಾರಿಗಳೇ ಖುದ್ದಾಗಿ ತಲುಪಿಸಿ, ಬಾಗಿಲ ಹೊರಗೆ ಕಾದು, ಸ್ವೀಕೃತಿ ಪಡೆದು ಬರತಕ್ಕದ್ದು.

(ಕ್ರಮಸಂಖ್ಯೆ ೪ರ ಸ್ವೀಕೃತಿ, ಕಛೇರಿ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಂತೆ:)

ಮುಟ್ಟಿತು. ಕೋಳಿ ಬುಟ್ಟಿದು ನನಗ ತಂದ ದಿನಾನ ಗೊತ್ತಿತ್ತು. ನೀವ ಹೇಳ್ತೀರೇನಂತ ಕಾಯ್ತಿದ್ದೆ. ಸಂಜಿ ಗಾಡಿಗೆ ಬರ್ತೀನಿ, ಅನ್ನಕ್ಕ ಇಡಬ್ಯಾಡ್ರಿ, ಹೊತ್ತಸ್ತೀರಿ.